ಮನೆಯೊಳಗೆ ನೀರಲ್ಲಿ ಬೆಳೆಸಿದ ಟೊಮೆಟೊಗೆ ರುಚಿ ಬರಿಸುವುದು ಹೇಗೆ?

ಬದಿಯಡ್ಕದಿಂದ
ಎಲ್ಲರಿಗೂ ನಮಸ್ಕಾರ. ನಮಗೆ ಜಾಗ ಬೇಕಾದಷ್ಟು ಉಂಟು, ಆದರೆ ಅಂಗಳದಲ್ಲಿ ಟೊಮೆಟೊ ಆಗುವುದೇ ಇಲ್ಲ. ಗಿಡ ಚಂದ ಎದ್ದು ಹೂ ಬಿಡುವ ಹೊತ್ತಿಗೆ ಒಂದು ಮಧ್ಯಾಹ್ನ ಬಾಡ್ತದೆ, ಸಂಜೆಗೆ ಸರಿಯಾದ ಹಾಗೆ ಕಾಣ್ತದೆ, ನಾಲ್ಕೈದು ದಿನದಲ್ಲಿ ಎಲೆ ಹಳದಿ ಕೂಡ ಆಗದೆ ಹಸಿರಾಗಿಯೇ ಸಾಯ್ತದೆ. ಅದು ಬಿಟ್ಟರೆ ಜೂನ್‌ನಿಂದ ಮಳೆ, ಆಮೇಲೆ ಮಂಗ.

ಹಾಗಾಗಿ ಒಳಗಿನ ಕೋಣೆಯಲ್ಲಿ ಹೈಡ್ರೋಪೋನಿಕ್ಸ್ ಶುರು ಮಾಡಿದ್ದೇನೆ. ಎರಡಡಿ ಅಗಲ ಎರಡಡಿ ಉದ್ದದ ಸ್ಟ್ಯಾಂಡು, ಮೇಲೆ 40 ವಾಟಿನ ಎಲ್‌ಇಡಿ, ದಿನಕ್ಕೆ 14 ಗಂಟೆ. 20 ಲೀಟರಿನ ಬಕೆಟು, ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು, 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ಶೇಕಡ 19ರ ಹಾಗೆ ಇರುವುದು), ಇಸಿ ಅಂದರೆ ನೀರಲ್ಲಿ ಕರಗಿದ ಲವಣದ ಅಳತೆ 1.4. ನಾಲ್ಕು ಗಿಡ. ಕಾಯಿ ಆಗ್ತದೆ, ಕೆಂಪೂ ಆಗ್ತದೆ, ನೋಡ್ಲಿಕ್ಕೆ ಒಳ್ಳೇ ಉಂಟು. ಬಾಯಿಗೆ ಹಾಕಿದರೆ ಸಪ್ಪೆ. ಸಾರಿಗೆ ಹಾಕಿದರೆ ಹುಣಸೆಹುಳಿ ಮತ್ತೆ ಬೇರೆ ಹಾಕ್ಬೇಕು. ರುಚಿ ಬರಿಸಿದವರು ಯಾರಾದರೂ ಇದ್ದೀರಾ?

ಪೆರ್ಲ ತೋಟ
ಮಣ್ಣೇ ಇಲ್ಲದ ಮೇಲೆ ರುಚಿ ಎಲ್ಲಿಂದ ಬರ್ಬೇಕು ಅಕ್ಕ? ಹಟ್ಟಿಗೊಬ್ಬರ, ಸುಡುಮಣ್ಣು ಕಂಡ ಗಿಡದ ಹಣ್ಣೇ ಬೇರೆ.

ನೀರ್ಚಾಲು ಮಾಷ್ಟ್ರು
ಇದನ್ನು ನಾನು ಒಪ್ಪುವುದಿಲ್ಲ. ಗಿಡದ ಬೇರು ಹಟ್ಟಿಗೊಬ್ಬರವನ್ನು ಹಾಗೇ ನುಂಗುವುದಿಲ್ಲ. ಅದು ಕೊಳೆತು ನೈಟ್ರೇಟ್, ಪೊಟ್ಯಾಶ್, ರಂಜಕ, ಕ್ಯಾಲ್ಸಿಯಂ ಆಗಿ ನೀರಿನಲ್ಲಿ ಕರಗಿದ ಮೇಲೆಯೇ ಬೇರಿಗೆ ಸಿಗುವುದು. ಹೈಡ್ರೋಪೋನಿಕ್ಸಿನಲ್ಲಿ ಅದೇ ಲವಣಗಳನ್ನು ನೇರವಾಗಿ ಕೊಡ್ತೇವೆ. ಈ ಪದ್ಧತಿಗೆ 1937ರಲ್ಲಿ ಆ ಹೆಸರಿಟ್ಟು ಪ್ರಚಾರ ಮಾಡಿದ ಕ್ಯಾಲಿಫೋರ್ನಿಯಾದ ವಿಜ್ಞಾನಿ ಗೆರಿಕೆ 25 ಅಡಿ ಎತ್ತರದ ಟೊಮೆಟೊ ಬಳ್ಳಿ ಬೆಳೆಸಿ ತೋರಿಸಿದ್ದೇ ಲವಣದ ನೀರಿನಲ್ಲಿ.

ರುಚಿ ಅಂದರೆ ಸಕ್ಕರೆ, ಹುಳಿ, ಪರಿಮಳ ಮೂರೂ ಸೇರಿದ್ದು. ಸಕ್ಕರೆಯನ್ನು ಎಲೆ ಬೆಳಕಿನಿಂದ ಮಾಡ್ತದೆ, ಮಣ್ಣು ಕೊಡುವುದಲ್ಲ. ಹುಳಿ ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲ, ಅದಕ್ಕೆ ಪೊಟ್ಯಾಶಿನ ಆಸರೆ ಬೇಕು. ಪರಿಮಳ ಹೆಚ್ಚಾಗಿ ತಳಿಯ ಗುಣ, ಹಣ್ಣು ಗಿಡದಲ್ಲಿ ಎಷ್ಟು ಮಾಗಿತು ಎನ್ನುವುದೂ ಸೇರ್ತದೆ. ಬದಿಯಡ್ಕದವರ ವಿವರ ಓದಿದರೆ ಬೆಳಕು, ಗೊಬ್ಬರ ಎರಡೂ ಕಡಿಮೆ ಆಗಿದೆ ಅಂತ ಕಾಣ್ತದೆ. ಯಾವ ತಳಿ ಅಂತ ಹೇಳಿಲ್ಲ.

ಬದಿಯಡ್ಕದಿಂದ
ಅಂಗಡಿಯ ಹೈಬ್ರಿಡ್ ಬೀಜ ಮಾಷ್ಟ್ರೆ. ಪ್ಯಾಕೆಟಿನಲ್ಲಿ ದೂರದ ಮಾರ್ಕೆಟಿಗೆ ಕಳಿಸ್ಲಿಕ್ಕೆ ಒಳ್ಳೇದು ಅಂತ ಬರ್ದಿತ್ತು.

ನೀರ್ಚಾಲು ಮಾಷ್ಟ್ರು
ಅಲ್ಲೇ ಉಂಟು ಅರ್ಧ ಉತ್ತರ. ಅದು ಲಾರಿಯಲ್ಲಿ ಹೋಗ್ಲಿಕ್ಕೆ ಮಾಡಿದ ಟೊಮೆಟೊ. ದಪ್ಪ ಸಿಪ್ಪೆ, ಗಟ್ಟಿ ತಿರುಳು, ಒಳಗೆ ಲೋಳೆ ಕಡಿಮೆ. ಬೀಜದ ಸುತ್ತ ಇರುವ ಆ ಲೋಳೆಯಲ್ಲೇ ಹುಳಿ ಜಾಸ್ತಿ ಇರುವುದು.

ಉಪ್ಪಳ ಎಲೆಕ್ಟ್ರಿಷಿಯನ್
ಬೆಳಕಿನ ಲೆಕ್ಕ ನಾನು ಹೇಳ್ತೇನೆ, ಇದು ನನ್ನ ಕೆಲಸ.

ಗಿಡಕ್ಕೆ ಲ್ಯೂಮೆನ್ ನೋಡಿ ಪ್ರಯೋಜನ ಇಲ್ಲ, ಅದು ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಳತೆ. ಒಂದು ದಿನದಲ್ಲಿ ಒಂದು ಚದರ ಮೀಟರಿಗೆ ಎಷ್ಟು ಮೋಲ್ (ಬೆಳಕಿನ ಕಣ ಎಣಿಸುವ ಅಳತೆ) ಬೆಳಕು ಬಿತ್ತು ಅಂತ ನೋಡ್ಬೇಕು. ಸೊಪ್ಪಿಗೆ 12ರಿಂದ 17 ಸಾಕು. ಟೊಮೆಟೊಗೆ 20ರಿಂದ 30 ಬೇಕು. ಬೇಸಿಗೆಯಲ್ಲಿ ನಮ್ಮ ಬಯಲಿಗೆ 40ರ ಮೇಲೆ ಬೀಳ್ತದೆ.

ನಿಮ್ಮ ಸ್ಟ್ಯಾಂಡು ಸುಮಾರು 0.37 ಚದರ ಮೀಟರು. ಸಾಧಾರಣ ಒಳ್ಳೇ ಎಲ್‌ಇಡಿ ಒಂದು ವಾಟಿಗೆ ಸೆಕೆಂಡಿಗೆ 2.3 ಮೈಕ್ರೋಮೋಲ್ (ಮೋಲ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು) ಕೊಟ್ಟಿತು ಅಂತ ಇಟ್ಟುಕೊಳ್ಳಿ. 40 ವಾಟಿಗೆ 92. ಅದನ್ನು 0.37ರಿಂದ ಭಾಗಿಸಿ, ಆಚೆ ಈಚೆ ಚೆಲ್ಲಿ ಹೋದದ್ದು ಕಳೆದರೆ ಗಿಡದ ತಲೆ ಮೇಲೆ ಚದರ ಮೀಟರಿಗೆ 200ರ ಹತ್ತಿರ. 14 ಗಂಟೆಯ ಸೆಕೆಂಡುಗಳಿಂದ ಗುಣಿಸಿದರೆ ದಿನಕ್ಕೆ 10 ಮೋಲ್. ಅದು ಸೊಪ್ಪಿಗೇ ಕಡಿಮೆ. ಅದರಲ್ಲಿ ನಾಲ್ಕು ಟೊಮೆಟೊ ಗಿಡ ಹಂಚಿಕೊಂಡರೆ ಸಕ್ಕರೆ ಎಲ್ಲಿಂದ ಬರ್ಬೇಕು?

ಅದೇ ಜಾಗಕ್ಕೆ 80ರಿಂದ 100 ವಾಟ್, 16 ಗಂಟೆ ಹಾಕಿ. 24 ಗಂಟೆ ಮಾತ್ರ ಉರಿಸ್ಬೇಡಿ. ಟೊಮೆಟೊಗೆ ಕತ್ತಲೆ ಬೇಕು, ಇಲ್ಲದಿದ್ದರೆ ಎಲೆ ಬಿಳಿಚಿಕೊಳ್ತದೆ.

ಪೆರ್ಲ ತೋಟ
ಕರೆಂಟು ಬಿಲ್ಲು ಯಾರು ಕಟ್ಟುವುದು?

ಉಪ್ಪಳ ಎಲೆಕ್ಟ್ರಿಷಿಯನ್
100 ವಾಟ್, 16 ಗಂಟೆ, ದಿನಕ್ಕೆ 1.6 ಯೂನಿಟ್. ನಮಗೆ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ, ಅಷ್ಟಕ್ಕೆ 96 ಯೂನಿಟ್. ಮೇಲಿನ ಸ್ಲ್ಯಾಬಿಗೆ ಹೋಗ್ತೀರಾ ಅಂತ ಮೊದಲೇ ನೋಡಿಕೊಳ್ಳಿ. ದಕ್ಷಿಣಕ್ಕೋ ಪೂರ್ವಕ್ಕೋ ದೊಡ್ಡ ಕಿಟಕಿ ಇದ್ದರೆ ಅದರ ಹತ್ತಿರ ಇಟ್ಟು, ಮೋಡದ ದಿನ ಮಾತ್ರ ಪೂರ್ತಿ ದೀಪ ಹಾಕಿದರೆ ಖರ್ಚು ತುಂಬಾ ಇಳಿಯುತ್ತದೆ.

ಕೃಷಿ ವಿದ್ಯಾರ್ಥಿನಿ, ಮಂಜೇಶ್ವರ
ಅಕ್ಕ, ನಾಲ್ಕು ಗಿಡದಲ್ಲಿ ಮೂರು ತೆಗೆಯಿರಿ. ಎರಡಡಿ ಜಾಗಕ್ಕೆ ಒಂದು ಚೆರ್ರಿ ಟೊಮೆಟೊ ಸಾಕು. ಗೊಂಚಲು ಬಳ್ಳಿಯ ಜಾತಿ ಬೇಡ ಅಂದರೆ ಮೈಕ್ರೋ ಟಾಮ್, ಟೈನಿ ಟಿಮ್, ರೆಡ್ ರಾಬಿನ್ ಅಂತ ಕುಳ್ಳ ತಳಿಗಳು ಉಂಟು, ಒಂದಡಿ ಎತ್ತರದಲ್ಲೇ ನಿಲ್ತವೆ. ಆದರೆ ರುಚಿಯೇ ಮುಖ್ಯ ಆದರೆ ನಾನು ಬಳ್ಳಿ ಚೆರ್ರಿಯನ್ನೇ ಹೇಳ್ತೇನೆ. ಅಂಗಡಿಯ ದೊಡ್ಡ ಟೊಮೆಟೊದ ಬ್ರಿಕ್ಸ್ (ರಸದ ಸಿಹಿಯ ಅಳತೆ) 4-5 ಇರ್ತದೆ. ಚೆರ್ರಿ ಚೆನ್ನಾಗಿ ಬಂದರೆ 7-9.

ಬೀಜ ಆರಿಸುವಾಗ ಇನ್ನೊಂದು ನೋಡಿ. ಕಾಯಿ ಹಸಿರಿದ್ದಾಗ ತೊಟ್ಟಿನ ಸುತ್ತ ಕಡು ಹಸಿರು ಪಟ್ಟಿ ಬರುವ ತಳಿ ಸಿಕ್ಕಿದರೆ ಬಿಡಬೇಡಿ. ಇಡೀ ಹಣ್ಣು ಒಂದೇ ಬಣ್ಣದಲ್ಲಿ ಮಾಗಲಿ ಅಂತ ತಳಿ ತಜ್ಞರು ಆ ಹಸಿರನ್ನು ದಶಕಗಳ ಕಾಲ ಕಳೆಯುತ್ತಾ ಬಂದರು. 2012ರಲ್ಲಿ ಆ ಜೀನ್ ಯಾವುದು ಅಂತ ಗೊತ್ತಾಯಿತು. ಕಾಯಿಯೇ ತನ್ನ ಮೈಯಲ್ಲಿ ಬೆಳಕು ಹಿಡಿದು ಸಕ್ಕರೆ ಮಾಡುವ ಶಕ್ತಿ ಅದರಲ್ಲಿತ್ತು. ಚಂದಕ್ಕಾಗಿ ಸಿಹಿ ಬಿಟ್ಟುಕೊಟ್ಟಂತೆ ಆಯಿತು, ನನಗೆ ಈಗಲೂ ಬೇಸರವಾಗುವ ವಿಷಯ ಅದು.

ಇನ್ನು 19:19:19. ಅದನ್ನು ಹೈಡ್ರೋಪೋನಿಕ್ಸಿಗೆ ದಯವಿಟ್ಟು ಬಳಸಬೇಡಿ. ಅದರ ಸಾರಜನಕದಲ್ಲಿ ದೊಡ್ಡ ಪಾಲು ಯೂರಿಯಾ. ಮಣ್ಣಿನಲ್ಲಾದರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡ್ತವೆ, ನಿಮ್ಮ ಬಕೆಟಿನಲ್ಲಿ ಮಾಡುವವರು ಯಾರು? ಮತ್ತೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ.

ಬದಿಯಡ್ಕದಿಂದ
ಅಯ್ಯೋ, ಎಲ್ಲ ಬೆಳೆಗೂ ಆಗ್ತದೆ ಅಂತ ಗೊಬ್ಬರದ ಅಂಗಡಿಯಲ್ಲಿ ಕೊಟ್ಟದ್ದು. ಮತ್ತೆಂತ ಹಾಕ್ಬೇಕು ತಂಗಿ?

ಕೃಷಿ ವಿದ್ಯಾರ್ಥಿನಿ, ಮಂಜೇಶ್ವರ
ಹೂ ಬಿಟ್ಟ ಮೇಲಿನ ಹಂತಕ್ಕೆ, 10 ಲೀಟರ್ ನೀರಿಗೆ: ಕ್ಯಾಲ್ಸಿಯಂ ನೈಟ್ರೇಟ್ 8 ಗ್ರಾಂ, 13:0:45 ನಾಲ್ಕೂವರೆ ಗ್ರಾಂ, 0:52:34 ಎರಡೂವರೆ ಗ್ರಾಂ, 0:0:50 ಎರಡು ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 5 ಗ್ರಾಂ. ಮೇಲೆ ಚೀಲೇಟೆಡ್ ಕಬ್ಬಿಣ ಇರುವ ಸೂಕ್ಷ್ಮ ಪೋಷಕಾಂಶದ ಮಿಶ್ರಣ, ಪ್ಯಾಕೆಟಿನಲ್ಲಿ ಹೇಳಿದಷ್ಟು. ಇಸಿ 2.4ರ ಆಸುಪಾಸು ಬರ್ತದೆ. ಪಿಎಚ್ 5.8ರಿಂದ 6.3ರ ಒಳಗೆ ಇರಲಿ.

ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಡಬ್ಬದಲ್ಲಿ ಕರಗಿಸಿ ಕೊನೆಗೆ ಸೇರಿಸಿ. ಗಟ್ಟಿ ದ್ರಾವಣದಲ್ಲಿ ಸಲ್ಫೇಟಿನ ಜೊತೆ ಸೇರಿದರೆ ಜಿಪ್ಸಂ ಆಗಿ ತಳದಲ್ಲಿ ಬಿಳಿ ಗಸಿ ಕೂರ್ತದೆ, ಗಿಡಕ್ಕೆ ಏನೂ ಸಿಗುವುದಿಲ್ಲ.

ಅಕ್ಕಲಕೋಟ ದ್ರಾಕ್ಷಿ
ನಮಸ್ಕಾರ್ರೀ ಎಲ್ಲಾರಿಗೂ. ನಾವು ಸೊಲ್ಲಾಪುರ ಕಡಿಯವರು, ದ್ರಾಕ್ಷಿ ಹಚ್ಚೀವಿ. ನಾ ಒಂದ ಮಾತ ಹೇಳತೀನಿ ನೋಡ್ರಿ. ಹಣ್ಣು ಬಣ್ಣ ತಿರಗೂ ಹೊತ್ತಿನ್ಯಾಗ ನೀರು ಹೆಚ್ಚ ಕೊಟ್ರ ಹಣ್ಣು ಉಬ್ಬತೈತಿ, ಸವಿ ಹೋಗತೈತಿ. ಟೊಮೆಟೊಕ್ಕೂ ಹಂಗ. ನಮ್ಮ ಹೊಲದಾಗ ಬ್ಯಾಸಗಿ ಟೊಮೆಟೊ ಸಣ್ಣದ ಬರತೈತಿ, ಖರೆ ಅದರ ರುಚಿ ಮಳಿಗಾಲದ ಹಣ್ಣಿಗಿ ಇಲ್ಲ. ಬಕೇಟಿನ್ಯಾಗ ಬೇರು ಹಗಲೂ ರಾತ್ರಿ ನೀರಾಗ ನಿಂತ್ರ ಗಿಡಕ್ಕ ಬಾಯಾರಿಕಿ ಅನ್ನೂದ ಗೊತ್ತಾಗಂಗಿಲ್ಲ. ಅದನ್ನ ಹ್ಯಾಂಗ ಮಾಡ್ತೀರಿ?

ನೀರ್ಚಾಲು ಮಾಷ್ಟ್ರು
ಅಣ್ಣಾ, ನೀವು ಮುಖ್ಯವಾದದ್ದನ್ನೇ ಕೇಳಿದ್ದೀರಿ. ಬಕೆಟಿನಲ್ಲಿ ನೀರು ನಿಲ್ಲಿಸ್ಲಿಕ್ಕೆ ಆಗುವುದಿಲ್ಲ, ಆದರೆ ನೀರನ್ನು ಬೇರಿಗೆ ಎಳೆಯಲು ಕಷ್ಟವಾಗುವ ಹಾಗೆ ಮಾಡ್ಲಿಕ್ಕಾಗ್ತದೆ. ಅದೇ ಇಸಿ ಏರಿಸುವುದು. ಲವಣ ಹೆಚ್ಚಾದಷ್ಟು ಬೇರಿಗೆ ನೀರು ಸಿಗುವುದು ಕಡಿಮೆ. ಹಣ್ಣು ಸಣ್ಣದಾಗ್ತದೆ, ಆದರೆ ಅದರೊಳಗಿನ ಸಕ್ಕರೆ ಹುಳಿ ಎರಡೂ ದಪ್ಪವಾಗ್ತದೆ. ಮೊದಲ ಗೊಂಚಲು ಬಣ್ಣ ತಿರುಗುವವರೆಗೆ 2.4, ಆಮೇಲೆ ನಿಧಾನಕ್ಕೆ 3, ಗಿಡ ಗಟ್ಟಿ ಇದ್ದರೆ 3.5. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ, ಇಟಲಿಯ ಸಿಸಿಲಿ ದ್ವೀಪದ ಪಚೀನೊದಲ್ಲಿ ಸವುಳು ನೀರಿನಲ್ಲಿ ಬೆಳೆದ ಟೊಮೆಟೊಗೆ ಹೆಸರು ಬಂದದ್ದೂ ಇದೇ ಕಾರಣಕ್ಕೆ. ತೂಕ ಬೇಕಾ ರುಚಿ ಬೇಕಾ ಅಂತ ಆರಿಸ್ಬೇಕು, ಎರಡೂ ಒಟ್ಟಿಗೆ ಸಿಗುವುದಿಲ್ಲ.

ಆದರೆ ಬೆಳಕು ಸರಿ ಮಾಡದೆ ಇಸಿ ಏರಿಸಬೇಡಿ. 10 ಮೋಲ್ ಬೆಳಕಿನಲ್ಲಿ ಗಿಡದ ಹತ್ತಿರ ಸಕ್ಕರೆಯೇ ಇಲ್ಲ, ದಪ್ಪ ಮಾಡ್ಲಿಕ್ಕೆ ಎಂತ ಉಂಟು? ಮೊದಲು ತಳಿ, ಆಮೇಲೆ ಬೆಳಕು, ಕೊನೆಗೆ ಇಸಿ.

ಕುಂಬಳೆ ಕಡಲು
ಸವುಳು ನೀರು ಅಂದಾಗ ಕಿವಿ ನೆಟ್ಟಗಾಯಿತು. ನಮ್ಮ ಬಾವಿ ಕಡಲಿಗೆ ಹತ್ತಿರ, ಏಪ್ರಿಲ್-ಮೇಯಲ್ಲಿ ಉಪ್ಪು ಬರ್ತದೆ. ಅದನ್ನೇ ಹಾಕಬಹುದಾ?

ಪೆರ್ಲ ತೋಟ
ಮಾಷ್ಟ್ರು ಕೊನೆಗೆ ಬಾಯಾರಿಕೆಯೇ ರುಚಿ ಅಂತ ಹೇಳಿದರಲ್ಲ. ನಾನು ಹೇಳಿದ್ದೂ ಅದೇ. ಮಣ್ಣಿನಲ್ಲಿ ಅದು ತನ್ನಿಂದ ತಾನೇ ಸಿಗ್ತದೆ. ಮನೆಯೊಳಗೆ ಇಷ್ಟೆಲ್ಲ ಮೀಟರು ಹಿಡ್ಕೊಂಡು ಕೂರುವ ಬದಲು ಬಾಡುವ ರೋಗಕ್ಕೇ ಮದ್ದು ಹುಡುಕಬಾರದಾ?

ಅಕ್ಕ, ಮುಂದಿನ ಸಲ ಗಿಡ ಬಾಡಿದರೆ ಬುಡದ ಹತ್ತಿರ ದಂಟು ಕತ್ತರಿಸಿ, ಗಾಜಿನ ಲೋಟದಲ್ಲಿ ಶುದ್ಧ ನೀರು ಹಾಕಿ, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಅಲ್ಲಾಡದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ದಂಟಿನಿಂದ ಹಾಲಿನಂಥ ಬಿಳಿ ಎಳೆಗಳು ಕೆಳಗೆ ಇಳಿಯುವುದು ಕಂಡರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಯಾವ ಸ್ಪ್ರೇಯೂ ಅದಕ್ಕೆ ನಾಟುವುದಿಲ್ಲ. ಸುಂಡೆ (ಬದನೆ ಜಾತಿಯ ಕಾಡು ಗಿಡ) ಗಿಡದ ಬುಡಕ್ಕೆ ಟೊಮೆಟೊ ಕಸಿ ಕಟ್ಟಿದರೆ ತಡೆಯುತ್ತದೆ. ನಾನು ಹಾಗೇ ಬೆಳೆಸುವುದು. ಕಸಿ ಕಟ್ಟ್ಲಿಕ್ಕೆ ಬಾರದವರಿಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ತಳಿ ಉಂಟು. ಬೆಂಗಳೂರಿನ ತೋಟಗಾರಿಕೆ ಸಂಸ್ಥೆಯ ಅರ್ಕಾ ರಕ್ಷಕ್ ಕೂಡ ಸೊರಗು, ಎಲೆ ಮುರುಟು, ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆಯುತ್ತದೆ.

ಬದಿಯಡ್ಕದಿಂದ
ಕಸಿಯ ವಿಷಯ ಖಂಡಿತ ಬೇಕು ಅಣ್ಣ. ಬೇಸಿಗೆ ಬೆಳೆಗೆ ಹೊರಗೆ ಮಾಡ್ತೇನೆ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಒಳಗೇ ಬೇಕು. ಇನ್ನೊಂದು, ನಮ್ಮದು ಎಂಡೋಸಲ್ಫಾನ್ ಕೀಟನಾಶಕ ಬಿದ್ದ ಊರು. ಪಕ್ಕದ ಮನೆಯ ಮಕ್ಕಳನ್ನು ನೋಡಿ ಬೆಳೆದವಳು ನಾನು. ಮಕ್ಕಳು ಗಿಡದಿಂದ ಕಿತ್ತು ನೇರ ಬಾಯಿಗೆ ಹಾಕುವ ಹಣ್ಣು ಬೇಕು ನನಗೆ.

ಪೆರ್ಲ ತೋಟ
ಆ ಮಾತಿಗೆ ನನ್ನ ಎದುರುತ್ತರ ಇಲ್ಲ ಅಕ್ಕ.

ತಾಳವಾಡಿ ರೈತ
ನಮ್ದು ಈರೋಡ್ ಜಿಲ್ಲೆ, ಬೆಟ್ಟದ ಮ್ಯಾಲೆ. ನಮ್ಮಲ್ಲಿ ರಾತ್ರಿ ತಂಪು, ಅದ್ಕೇ ಟೊಮೆಟೊ ಚೆಂದಾಗಿ ಕಟ್ತದೆ. ನಿಮ್ಮ ಕಡೆ ರಾತ್ರಿ ಸೆಖೆ ಎಷ್ಟು? ಇಲ್ಲಿ ಯಾರೂ ಅದ್ನ ಕೇಳ್ನಿಲ್ವಲ್ಲ.

ಕೃಷಿ ವಿದ್ಯಾರ್ಥಿನಿ, ಮಂಜೇಶ್ವರ
ಒಳ್ಳೇ ಪ್ರಶ್ನೆ. ಟೊಮೆಟೊ ಚೆನ್ನಾಗಿ ಕಾಯಿ ಕಟ್ಟುವುದು ರಾತ್ರಿ 15ರಿಂದ 21 ಡಿಗ್ರಿ ಇದ್ದಾಗ. ಕಾಸರಗೋಡಿನಲ್ಲಿ ಮಳೆಗಾಲದ ರಾತ್ರಿಯೂ 23-24 ಇರ್ತದೆ, ಮುಚ್ಚಿದ ಕೋಣೆಯಲ್ಲಿ ಇನ್ನೂ ಜಾಸ್ತಿ. ಹಗಲು 35 ದಾಟಿದರೆ ಪರಾಗ ಸತ್ತು ಹೂ ಉದುರ್ತದೆ. ಹಾಗಾಗಿ ರಾತ್ರಿಯಿಡೀ ದೀಪ ಉರಿಸಿ ಹಗಲಿಗೆ ಆರಿಸುವ ಕ್ರಮ ಬೇಡ. ದೀಪದ ಬಿಸಿಯೂ ಸೇರಿದರೆ ಗಿಡಕ್ಕೆ ತಂಪಿನ ಹೊತ್ತೇ ಸಿಗುವುದಿಲ್ಲ. ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ಇಟ್ಟು, ಆಮೇಲೆ ಕಿಟಕಿ ತೆರೆದು ಸಣ್ಣ ಫ್ಯಾನ್ ಹಾಕಿ. ಚೆರ್ರಿ ತಳಿಗಳು ಸೆಖೆಯನ್ನು ಸ್ವಲ್ಪ ಜಾಸ್ತಿ ತಡೆದುಕೊಳ್ತವೆ.

ಬಕೆಟಿನ ನೀರೂ ಬಿಸಿಯಾಗಬಾರದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30ಕ್ಕೆ ಏರಿದರೆ ಏಳೂವರೆ ಮಾತ್ರ. ಬೇರು ಕಂದಾಗಿ ಲೋಳೆಯಾದರೆ ಅದೇ ಕಾರಣ. ಬಕೆಟನ್ನು ನೆಲದ ಮೇಲೆ ಇಡಿ, ಬೆಳಕು ಒಳಗೆ ಹೋಗದ ಹಾಗೆ ಬಿಳಿ ಬಟ್ಟೆ ಸುತ್ತಿ.

ಮುಳ್ಳೇರಿಯ ಜೇನು
ಹೂವಿಗೆ ಮುಜಂಟಿ ಜೇನಿನ ಪೆಟ್ಟಿಗೆ ಒಂದು ಕಿಟಕಿಯಲ್ಲಿ ಇಟ್ಟರೆ ಆಗ್ಲಿಕ್ಕಿಲ್ವಾ?

ಕೃಷಿ ವಿದ್ಯಾರ್ಥಿನಿ, ಮಂಜೇಶ್ವರ
ಟೊಮೆಟೊ ಹೂವಿನ ಪರಾಗ ಕೊಳವೆಯಂಥ ಕೋಶದೊಳಗೆ ಇರ್ತದೆ, ನಡುಗಿಸಿದರೆ ಮಾತ್ರ ಉದುರ್ತದೆ. ಹಾಗೆ ರೆಕ್ಕೆ ಸ್ನಾಯು ಅದುರಿಸುವುದು ಭ್ರಮರ (ಮರ ಕೊರೆಯುವ ದೊಡ್ಡ ಕಪ್ಪು ದುಂಬಿ), ನೀಲಿ ಪಟ್ಟಿಯ ಜೇನು ಇವಕ್ಕೆ ಬರ್ತದೆ. ತುಡುವೆಗೂ ಮುಜಂಟಿಗೂ ಬರುವುದಿಲ್ಲ. ಒಳಗೆ ಬೆಳೆಸುವವರಿಗೆ ಬ್ಯಾಟರಿ ಟೂತ್‌ಬ್ರಷ್ ಸಾಕು. ಬೆಳಿಗ್ಗೆ 10-11ಕ್ಕೆ ಹೂಗೊಂಚಲಿನ ತೊಟ್ಟಿನ ಹಿಂಬದಿಗೆ ಎರಡು ಸೆಕೆಂಡ್ ತಾಗಿಸಿ. ಹೂ ಪೂರ್ತಿ ಅರಳಿ ದಳ ಹಿಂದಕ್ಕೆ ಬಾಗಿದ್ದರೆ ಹಳದಿ ಹುಡಿ ಉದುರುವುದು ಕಣ್ಣಿಗೇ ಕಾಣ್ತದೆ. ಮಳೆಗಾಲದಲ್ಲಿ ಗಾಳಿಯ ತೇವ 80 ಶೇಕಡ ದಾಟಿದರೆ ಪರಾಗ ಅಂಟಿಕೊಳ್ತದೆ, ಮೊದಲು ಫ್ಯಾನ್ ಹಾಕಿ ಗಾಳಿಯಾಡಿಸಿ.

ಮುಳ್ಳೇರಿಯ ಜೇನು
ಭ್ರಮರಕ್ಕೆ ಬರ್ತದೆ ಅಂತ ಗೊತ್ತಿರಲಿಲ್ಲ. ನಮ್ಮ ಹಟ್ಟಿಯ ಪಕ್ಕಾಸಿನಲ್ಲಿ ತೂತು ಕೊರೆದು ಕೂತಿವೆ, ಓಡಿಸದೆ ಬಿಡ್ತೇನೆ.

ಮಡಕಶಿರಾದವನು
ನಮ್ಮ ಮದನಪಲ್ಲಿ ಮಾರ್ಕೆಟ್ಟು ನೋಡಿದವರಿಗೆ ಈ ಚರ್ಚೆ ಓದಿ ಹೊಟ್ಟೆ ಉರಿಯುತ್ತೆ. 2023ರ ಜುಲೈನಲ್ಲಿ ಕೆಲವು ಊರಲ್ಲಿ ಕೆಜಿ 200 ರೂಪಾಯಿ ದಾಟಿತ್ತು, ಆಮೇಲೆ ಅದೇ ಟೊಮೆಟೊ ಕೇಳೋರಿಲ್ಲ. ದರ ಬಿದ್ದಾಗ ಕಿತ್ತ ಕೂಲಿನೂ ಹುಟ್ಟಲ್ಲ. ರುಚಿ ಬೇಕು ಅನ್ನೋರು ರೈತರ ಹತ್ರ ಹಣ್ಣಾದ ಮೇಲೆ ಕಿತ್ತ ಟೊಮೆಟೊ ಕೇಳಿ ತಗೊಳ್ಳಿ. ಕೊಳ್ಳೋರು ಕೇಳಿದ್ರೆ ತಾನೇ ನಾವು ನಾಟಿ ಬೆಳೆಯೋದು. ಲಾರಿಗೆ ಹೋಗೋದನ್ನ ಬಣ್ಣ ತಿರುಗೋಕೆ ಮುಂಚೆನೇ ಕೀಳ್ತೀವಿ, ಬೇರೆ ದಾರಿ ಇಲ್ಲ.

ಅಕ್ಕಲಕೋಟ ದ್ರಾಕ್ಷಿ
ಖರೆ ಮಾತ ಹೇಳಿದ್ರಿ ಅಣ್ಣಾ. ನಾವೂ ರಸ್ತಾಕ್ಕ ಸುರಿದದ್ದೈತಿ.

ಬೇಳದ ಅಜ್ಜಿ
ಸಾರಿಗೆ ಟೊಮೆಟೊವೇ ಯಾಕೆ ಮಕ್ಕಳೇ? ಹಿತ್ತಿಲಲ್ಲಿ ಬಿಂಬುಳಿ ಮರ ಉಂಟು, ಪುನರ್ಪುಳಿ ಉಂಟು, ಅಂಬಟೆ ಉಂಟು. ನಮ್ಮ ಕಾಲದಲ್ಲಿ ಟೊಮೆಟೊ ಮದುವೆ ಮನೆಗೆ ಬರುವ ಸಾಮಾನು.

ಬದಿಯಡ್ಕದಿಂದ
ಅಜ್ಜಿ, ಬಿಂಬುಳಿ ಸಾರು ಬೇರೆ, ಟೊಮೆಟೊ ಸಾರು ಬೇರೆ. ಎರಡೂ ಬೇಕು ನಮಗೆ.

ಬೇಳದ ಅಜ್ಜಿ
ಹಾಗಾದರೆ ಸರಿ. ಹಣ್ಣನ್ನು ಫ್ರಿಜ್ಜಿಗೆ ಮಾತ್ರ ಇಡ್ಬೇಡ ಮಗಾ, ಪರಿಮಳ ಹೋಗ್ತದೆ.

ನೀರ್ಚಾಲು ಮಾಷ್ಟ್ರು
ಅಜ್ಜಿ ಹೇಳಿದ್ದು ಸರಿಯೇ. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ತೋರಿಸಿದರು. 5 ಡಿಗ್ರಿಯಲ್ಲಿ ಒಂದು ವಾರ ಇಟ್ಟ ಹಣ್ಣಿನಲ್ಲಿ ಪರಿಮಳ ಮಾಡುವ ಜೀನುಗಳು ಮಂಕಾಗ್ತವೆ, ಹೊರಗೆ ತೆಗೆದಿಟ್ಟರೂ ಪೂರ್ತಿ ಹಿಂದೆ ಬರುವುದಿಲ್ಲ. ಸಕ್ಕರೆ ಹುಳಿ ಹಾಗೇ ಇರ್ತದೆ, ವಾಸನೆ ಹೋಗ್ತದೆ. ಪೂರ್ತಿ ಕೆಂಪಾಗಿ, ಮುಟ್ಟಿದರೆ ತುಸು ಮೆತ್ತಗಾದ ಮೇಲೆ ಕಿತ್ತು ಅದೇ ದಿನ ತಿನ್ನಿ. ಮನೆಯಲ್ಲಿ ಬೆಳೆಸುವವರಿಗೆ ಇರುವ ದೊಡ್ಡ ಅನುಕೂಲ ಅದು.

ತೆಂಗಿನ ನಾರು
ಬಕೆಟಿನ ನೀರಿನ ಬದಲು ನಾರಿನ ಹುಡಿಯಲ್ಲಿ ಬೆಳೆಸಿ ಅಕ್ಕ. ತೂತು ಮಾಡಿದ ಬಕೆಟಿಗೆ ನಾರಿನ ಹುಡಿ ತುಂಬಿಸಿ ಡ್ರಿಪ್ ಬಿಟ್ಟರೆ ಆ ಸೊಲ್ಲಾಪುರದ ಅಣ್ಣ ಹೇಳಿದ ಬಾಯಾರಿಕೆಯನ್ನೂ ಕೊಡಬಹುದು. ಕರೆಂಟು ಹೋದರೂ ಬೇರು ಒಣಗುವುದಿಲ್ಲ. ಆದರೆ ಮನೆಯ ಸಿಪ್ಪೆಯ ಹುಡಿಯನ್ನು ಹಾಗೇ ಹಾಕ್ಬೇಡಿ. ಅದರಲ್ಲಿ ಸೋಡಿಯಂ, ಪೊಟ್ಯಾಶ್ ತುಂಬಾ ಉಂಟು, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ತದೆ. ನೀರಿನಲ್ಲಿ ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ತೊಳೆದು ಬಳಸಿ.

ಬದಿಯಡ್ಕದಿಂದ
ಕಾಯಿಯ ಅಡಿಭಾಗ ಕಪ್ಪಾಗಿ ಒಳಗೆ ಕುಸಿಯುವುದೂ ಉಂಟು. ಮೊಟ್ಟೆ ಸಿಪ್ಪೆ ಹುಡಿ ಹಾಕಿ ಅಂತ ಯಾರೋ ಹೇಳಿದರು.

ಕೃಷಿ ವಿದ್ಯಾರ್ಥಿನಿ, ಮಂಜೇಶ್ವರ
ಮೊಟ್ಟೆ ಸಿಪ್ಪೆ ನೀರಿನಲ್ಲಿ ಕರಗುವುದೇ ಇಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದಿದ್ದಾಗ ಆಗುವುದು ಅದು. 19:19:19ರಲ್ಲಿ ಕ್ಯಾಲ್ಸಿಯಂ ಇಲ್ಲ, ಮೇಲೆ ಕೋಣೆಯಲ್ಲಿ ತೇವ. ಎಲೆ ಬೆವರಿದರೆ ಮಾತ್ರ ಕ್ಯಾಲ್ಸಿಯಂ ಮೇಲೆ ಹತ್ತುವುದು, ಹಾಗಾಗಿ ಇದಕ್ಕೂ ಫ್ಯಾನೇ ಮದ್ದು. ಇಸಿ 3.5 ದಾಟಿಸಿದರೆ ಇದು ಮತ್ತೆ ಬರ್ತದೆ, ಕಪ್ಪು ಕಂಡ ಕೂಡಲೇ 2.5ಕ್ಕೆ ಇಳಿಸಿ.

ಬಾಯಾರು ಸುರಂಗ
ನೀರಿನ ಬಗ್ಗೆ ಒಂದು ಮಾತು. ಗುಡ್ಡ ಕೊರೆದು ನೀರು ತೆಗೆಯುವ ನಮ್ಮ ಸುರಂಗದ ನೀರಿನ ಟಿಡಿಎಸ್ (ಕರಗಿದ ಲವಣದ ಅಳತೆ) 40 ಬರ್ತದೆ, ಪಿಎಚ್ 6ರ ಹತ್ತಿರ. ಹೈಡ್ರೋಪೋನಿಕ್ಸಿಗೆ ಹೇಳಿ ಮಾಡಿಸಿದ ಹಾಗೆ ಉಂಟು, ಆಮ್ಲ ಹಾಕುವ ಕೆಲಸವೇ ಇಲ್ಲ.

ಮಡಕಶಿರಾದವನು
ಪುಣ್ಯ ಮಾಡಿದ್ದೀರಿ. ನಮ್ಮ ಬೋರ್‌ವೆಲ್ ನೀರು ಪಾತ್ರೆಗೆ ಬಿಳಿ ಕಟ್ಟುತ್ತೆ, ಪಿಎಚ್ 8. ಫಾಸ್ಫಾರಿಕ್ ಆಮ್ಲ ಹಾಕದಿದ್ರೆ ಕಬ್ಬಿಣ ಸಿಗದೆ ಚಿಗುರು ಹಳದಿ ಆಗುತ್ತೆ.

ಕುಂಬಳೆ ಕಡಲು
ನನ್ನ ಉಪ್ಪು ಬಾವಿಯ ಪ್ರಶ್ನೆಗೆ ಉತ್ತರ ಬರ್ಲಿಲ್ಲ. ಮೀಟರಿನಲ್ಲಿ 800 ತೋರಿಸ್ತದೆ.

ಉಪ್ಪಳ ಎಲೆಕ್ಟ್ರಿಷಿಯನ್
800 ಅಂದರೆ ಪಿಪಿಎಂ, ನೀರಿನ ಹತ್ತು ಲಕ್ಷ ಪಾಲಿನಲ್ಲಿ ಲವಣ ಎಷ್ಟು ಪಾಲು ಅಂತ. ಹೆಚ್ಚಿನ ಮೀಟರು ಇಸಿಯನ್ನು 500ರಿಂದ ಗುಣಿಸ್ತವೆ, ಹಾಗಾದರೆ ಇಸಿ 1.6. ಕೆಲವು 700ರಿಂದ ಗುಣಿಸ್ತವೆ, ಆಗ 1.1. ಮೀಟರಿನ ಚೀಟಿ ನೋಡಿ.

ನೀರ್ಚಾಲು ಮಾಷ್ಟ್ರು
ಎರಡರಲ್ಲಿ ಯಾವುದಾದರೂ ಸಸಿಗೆ ಬೇಡ. ಅದರಲ್ಲಿರುವುದು ಹೆಚ್ಚಾಗಿ ಸೋಡಿಯಂ ಕ್ಲೋರೈಡ್, ಗಿಡಕ್ಕೆ ಊಟ ಅಲ್ಲ. ಮಳೆನೀರು ಹಿಡಿದಿಟ್ಟು ಅದರಲ್ಲಿ ಬೆಳೆಸಿ. ಹಣ್ಣು ಬಣ್ಣ ತಿರುಗುವಾಗ ಮಾತ್ರ ಬಾವಿ ನೀರನ್ನು ಕಾಲು ಭಾಗ ಸೇರಿಸಿ ನೋಡಬಹುದು. ಗಿಡ ಸೋಡಿಯಂ ಕುಡಿಯದೆ ಬಿಡುವುದರಿಂದ ಅದು ಬಕೆಟಿನಲ್ಲೇ ಉಳಿದು ಏರುತ್ತಾ ಹೋಗ್ತದೆ. ಹತ್ತು ಹನ್ನೆರಡು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸ ದ್ರಾವಣ ಮಾಡಿ. ಚೆಲ್ಲುವುದನ್ನು ತೆಂಗಿನ ಬುಡಕ್ಕೆ ಹಾಕಿ, ಅದಕ್ಕೆ ಉಪ್ಪೂ ಆಗ್ತದೆ, ಪೊಟ್ಯಾಶೂ ಬೇಕು. ಅಡಿಕೆಗೆ ಬೇಡ.

ಕುಂಬಳೆ ಕಡಲು
ಕಿಟಕಿ ಪಕ್ಕವೇ ಎರಡು ತೆಂಗು ಉಂಟು ಮಾಷ್ಟ್ರೆ. ಬಕೆಟಿನ ಅಡಿಗೆ ಒಂದು ನಳ್ಳಿ ಕೂರಿಸಿ ಪೈಪು ಬಿಡ್ತೇನೆ.

ಬದಿಯಡ್ಕದಿಂದ
ಮೂರು ಗಿಡ ಇವತ್ತೇ ತೆಗೆದೆ. ಪೆರ್ಲದ ಅಣ್ಣ, ಸುಂಡೆ ಸಸಿ ಎಷ್ಟು ದಪ್ಪ ಆದಾಗ ಕಸಿ ಕಟ್ಟುವುದು?

ಪೆರ್ಲ ತೋಟ
ಪೆನ್ಸಿಲಿನ ಅರ್ಧ ದಪ್ಪ ಆದರೆ ಸಾಕು. ಸುಂಡೆ ಬೀಜ ಮೊಳೆಯಲಿಕ್ಕೆ ತಡ ಮಾಡ್ತದೆ, ಅದನ್ನು ಮೊದಲು ಬಿತ್ತಿ, ಟೊಮೆಟೊ ಆಮೇಲೆ. ಬೀಜ ನನ್ನಲ್ಲಿ ಉಂಟು, ಪೇಟೆಗೆ ಬರುವಾಗ ತರ್ತೇನೆ.